ಸುರಪುರದ ಟೇಲರ್ ಸಾಹೇಬರು

ಯಾದಗಿರಿ ಜಿಲ್ಲೆಯ ಸುರಪುರವು ಗುಡ್ಡಗಳ ನಡುವೆ ಅಡಗಿರುವ ಊರು. ಅಲ್ಲಿಯ ಬೇಡನಾಯಕರ ಅರಮನೆಗೆ ಎಷ್ಟು ಹೆಸರಿದೆಯೋ, ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ಎಂಬ ಬಂಗಲೆಗೂ ಹೆಚ್ಚುಕಡಮೆ ಅಷ್ಟೇ ಹೆಸರಿದೆ. ಆ ಸೀಮೆಯಿಂದ ಬಂದು ಜಯನಗರ, ಬನಶಂಕರಿಗಳಲ್ಲಿ ನೆಲೆಸಿರುವ ಕುಟುಂಬಗಳ ಹಿರಿಯರಿಗೆ ಈ ಹೆಸರು ಹೊಸದಲ್ಲ. ಆದರೆ ಸುರಪುರದವರು ಕೆರೆ ಕಟ್ಟಿಸಿದ, ರಸ್ತೆ ಹಾಕಿಸಿದ ಅಧಿಕಾರಿಯೆಂದು ನೆನೆಯುವ ಫಿಲಿಪ್ ಮೆಡೋಸ್ ಟೇಲರರನ್ನು ಹೊರಗಿನ ಜಗತ್ತು ನೆನೆಯುವುದು ಬೇರೊಂದು ಕಾರಣಕ್ಕಾಗಿ. ಯಾವ ಸೆರೆಯಾಳೂ ಆ ರೂಪದಲ್ಲಿ ಎಂದೂ ಹೇಳದಿದ್ದ ಒಂದು ತಪ್ಪೊಪ್ಪಿಗೆಯನ್ನು, ಆತನೇ ಬಾಯಿಬಿಟ್ಟು ಹೇಳಿದನೆಂದು ಓದುಗರು ನಂಬುವಂತೆ ಬರೆದವರು ಅವರು. ಈ ಎರಡು ಕೀರ್ತಿಗಳು ಒಬ್ಬರಲ್ಲಿಯೇ ಹೇಗೆ ಕೂಡಿಕೊಂಡವು ಎಂಬುದೇ ಅವರ ಜೀವನದ ಕಥೆ.

ಟೇಲರರು ಜನಿಸಿದುದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಸ್ಥರು, ಮಗನ ಬಾಲ್ಯದಲ್ಲಿಯೇ ಅವರ ವ್ಯವಹಾರ ಇಳಿಮುಖವಾಯಿತು. ಶಾಲೆ ಪೂರ್ತಿಯಾಗುವ ಮೊದಲೇ ಹುಡುಗನು ಲೆಕ್ಕಪತ್ರದ ಕಚೇರಿಗೆ ಸೇರಬೇಕಾಯಿತು. ಮುಂಬಯಿಯ ವರ್ತಕರೊಬ್ಬರು ಅವನನ್ನು ಕರೆಸಿಕೊಂಡು, ಪ್ರಾಪ್ತವಯಸ್ಕನಾದ ಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುವುದಾಗಿ ಮಾತು ಕೊಟ್ಟರು. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲು, ಟೇಲರರು ಮುಂಬಯಿಯಲ್ಲಿ ಇಳಿದಾಗ ಆ ವರ್ತಕರ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಅಪರಿಚಿತ ದೇಶದಲ್ಲಿ ಕೈ ಬರಿದಾಗಿ ನಿಂತ ಹುಡುಗನಿಗೆ, ತಾಯಿಯ ಕಡೆಯ ಬಂಧುವಾಗಿದ್ದ ಉನ್ನತ ಅಧಿಕಾರಿಯೊಬ್ಬರ ನೆರವಿನಿಂದ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಹುದ್ದೆ ದೊರೆಯಿತು. ಹೀಗೆ ಅವರು ಕುಂಪಣಿ ಸರಕಾರದ ನೇರ ನೌಕರರಾಗದೆ ದೇಶೀಯ ಅರಸರೊಬ್ಬರ ಚಾಕರಿಯಲ್ಲಿ ಸೇರಿದರು. ಈ ಒಂದು ಸಂಗತಿ ಅವರ ಬದುಕಿನ ದಿಕ್ಕನ್ನೇ ನಿರ್ಧರಿಸಿತೆನ್ನಬಹುದು. ಕುಂಪಣಿಯ ಅಧಿಕಾರಿಗಳಿಗೆ ಸುಲಭವಾಗಿ ಸಿಕ್ಕುತ್ತಿದ್ದ ಬಡ್ತಿ, ಗೌರವಗಳು ಅವರಿಗೆ ಕಡೆಯವರೆಗೂ ಮೊಂಡಾಗಿಯೇ ದೊರೆತವು. ಅದಕ್ಕೆ ಪ್ರತಿಯಾಗಿ ಜನರ ನಡುವೆ ಬಾಳುವ ಅವಕಾಶ ಮಾತ್ರ ಧಾರಾಳವಾಗಿ ಒದಗಿತು.

ಆ ಅವಕಾಶವನ್ನು ಅವರು ವ್ಯರ್ಥಗೊಳಿಸಲಿಲ್ಲ. ಹಿಂದೂಸ್ತಾನಿ, ಪಾರಸಿ, ಮರಾಠಿ ಭಾಷೆಗಳನ್ನು ಕಲಿತರು. ದುಭಾಷಿಯ ಹಂಗಿಲ್ಲದೆ ರೈತನ ದೂರನ್ನು ತಾವೇ ಕೇಳಬಲ್ಲವರಾದರು. ಮೋಜಣಿ, ಕಾನೂನು, ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ, ಚಿತ್ರಲೇಖನ, ಸಂಗೀತ ಎಲ್ಲವನ್ನೂ ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಸಾಧಿಸಿದರು. ಶಾಲೆಯ ಮೆಟ್ಟಿಲನ್ನು ಅರ್ಧದಲ್ಲಿಯೇ ಇಳಿದುಬಂದ ಹುಡುಗನೊಬ್ಬನು ಮುಂದೆ ವಿದ್ವತ್ಸಭೆಗಳಿಗೆ ಪ್ರಬಂಧಗಳನ್ನು ಕಳುಹಿಸುವಷ್ಟು ಬೆಳೆದುದನ್ನು ಉಪಾಧ್ಯಾಯರಾದವರು ಗಮನಿಸದೆ ಇರಲಾರರು.

ಇನ್ನೂ ಇಪ್ಪತ್ತು ವರ್ಷಗಳ ಆಸುಪಾಸಿನಲ್ಲಿಯೇ ಅವರಿಗೆ ನಿಜಾಮ ಸಂಸ್ಥಾನದ ನೈರುತ್ಯ ಭಾಗದಲ್ಲಿ ಪೊಲೀಸ್ ಅಧಿಕಾರ ಬಂದಿತು. ದಾರಿಹೋಕರು ಕಣ್ಮರೆಯಾಗುವುದು, ದಾರಿಯ ಬದಿಯಲ್ಲಿ ಹೂತ ಹೆಣಗಳು ಕಾಣಸಿಕ್ಕುವುದು ಅವರ ಗಮನಕ್ಕೆ ಬಂದುದು ಈ ಕಾಲದಲ್ಲಿ. ಬೆನ್ನಟ್ಟಿ ಶೋಧಿಸಬೇಕೆಂದು ಅವರು ಹೊರಟಿದ್ದಾಗಲೇ ಆಡಳಿತದ ಮಿತವ್ಯಯದ ಹೆಸರಿನಲ್ಲಿ ಆ ಹುದ್ದೆ ಹೋಗಿ, ಮತ್ತೆ ಸೈನ್ಯಕ್ಕೆ ಹಿಂದಿರುಗಬೇಕಾಯಿತು. ಕೆಲವೇ ವರ್ಷಗಳಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಕರ್ನಲ್ ಸ್ಲೀಮನ್ನರು ಠಕ್ಕರ ಜಾಲವನ್ನು ಬಯಲಿಗೆಳೆದು ಪ್ರಸಿದ್ಧರಾದರು. ತಮ್ಮ ಕೈಗೆ ಬಂದಿದ್ದ ಎಳೆಯೊಂದು ಜಾರಿಹೋಯಿತೆಂಬ ಕೊರಗು ಟೇಲರರಿಗೆ ಬಹುಕಾಲ ಉಳಿಯಿತು. ಆದರೆ ಸ್ಲೀಮನ್ನರ ಕಾರ್ಯಾಚರಣೆ ದಖ್ಖನಿಗೂ ವ್ಯಾಪಿಸಿದಾಗ, ಮಾಫಿಸಾಕ್ಷಿಗಳಾದ ಠಕ್ಕರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವರ ಪಾಲಿಗೂ ಬಂದಿತು. ಸೆರೆಯಾಳು ನೆಲದ ಮೇಲೆ ಕುಳಿತು ನಿರ್ವಿಕಾರವಾಗಿ ಕೊಲೆಗಳನ್ನು ಎಣಿಸುತ್ತ ಹೋಗುವುದು, ಅಧಿಕಾರಿ ಬರೆದುಕೊಳ್ಳುವುದು: ಈ ದೃಶ್ಯ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಬರೆಹಕ್ಕಿಂತ ಮೊದಲು ಅಚ್ಚಾದುದು ಅವರ ಚಿತ್ರಗಳು. 1837ರಲ್ಲಿ ಲಂಡನ್ನಿನಲ್ಲಿ ಅವರ ‘ದಖ್ಖನಿನ ರೇಖಾಚಿತ್ರಗಳು’ ಶಿಲಾಮುದ್ರಣದಲ್ಲಿ ಪ್ರಕಟವಾಯಿತು. ಆ ಕಾಲದ ಅನೇಕ ಆಂಗ್ಲ ಅಧಿಕಾರಿಗಳು ಚಿತ್ರ ಬರೆಯುತ್ತಿದ್ದರು. ಅದರಲ್ಲಿ ವಿಶೇಷವೇನೂ ಇಲ್ಲ. ಕೋಟೆ, ಗೋರಿ, ಮಸೀದಿಗಳನ್ನಷ್ಟೇ ನೋಡಿ ತೃಪ್ತಿಪಡದೆ, ದಾರಿಯ ಜನರ ಉಡಿಗೆ ತೊಡಿಗೆ, ನಿಂತ ಭಂಗಿ, ಪೇಟ ಸುತ್ತಿದ ರೀತಿ ಇವನ್ನು ನೋಡಿ ಇಟ್ಟುಕೊಳ್ಳುವ ಅಭ್ಯಾಸ ಟೇಲರರಿಗೆ ಚಿತ್ರಲೇಖನದಿಂದ ಬಂದಿತು ಎಂಬುದು ಮುಖ್ಯ. ಎರಡು ವರ್ಷಗಳ ತರುವಾಯ ಬಂದ ಪುಸ್ತಕದ ಪುಟಪುಟದಲ್ಲಿಯೂ ಈ ಚಿತ್ರಕಾರನ ಕಣ್ಣು ಕೆಲಸ ಮಾಡಿದೆ.

ಆ ಪುಸ್ತಕವೇ ‘ಠಕ್ಕನೊಬ್ಬನ ತಪ್ಪೊಪ್ಪಿಗೆ’. 1839ರಲ್ಲಿ, ಟೇಲರರು ರಜೆಯ ಮೇಲೆ ಸ್ವದೇಶದಲ್ಲಿದ್ದಾಗ, ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದರ ರಚನೆ ಸರಳವಾದುದು. ಅಮೀರ್ ಅಲಿ ಎಂಬ ಠಕ್ಕನು ಸೆರೆಮನೆಯಲ್ಲಿ ಒಬ್ಬ ಸಾಹೇಬನ ಎದುರು ಕುಳಿತು ತನ್ನ ಬಾಳನ್ನು ಮೊದಲಿನಿಂದ ಹೇಳಿಕೊಳ್ಳುತ್ತಾನೆ. ಸಾಹೇಬನಿಗೆ ಹೆಸರಿಲ್ಲ, ಮಾತು ಕಡಮೆ. ಅಮೀರ್ ಅಲಿಯ ತಂದೆತಾಯಿಗಳನ್ನು ಪ್ರಯಾಣದಲ್ಲಿ ಕೊಂದವರು ಠಕ್ಕರೇ. ಮಗುವನ್ನು ಎತ್ತಿಕೊಂಡು ಸಾಕಿದ ಇಸ್ಮಾಯಿಲನೇ ಆ ಗುಂಪಿನ ನಾಯಕ. ಸಾಕುತಂದೆಯ ಮೇಲಿನ ಪ್ರೀತಿಯಿಂದಲೇ ಮಗನು ಆ ವೃತ್ತಿಗೆ ಇಳಿಯುತ್ತಾನೆ. ಕರವಸ್ತ್ರದಿಂದ ಕೊರಳು ಬಿಗಿಯುವ ವಿದ್ಯೆಯನ್ನು ಕಲಿಯುತ್ತಾನೆ. ದೀಕ್ಷೆಯ ಬೆಲ್ಲವನ್ನು ತಿಂದವನು ಮತ್ತೆ ಆ ದಾರಿಯನ್ನು ಬಿಡಲಾರನೆಂಬ ನಂಬಿಕೆಗೆ ಒಳಗಾಗುತ್ತಾನೆ. ಪಿಂಡಾರಿಗಳ ಜೊತೆಗೂಡಿ ಕೊಳ್ಳೆ ಹೊಡೆಯುತ್ತಾನೆ. ಕೊನೆಗೆ ತಾನು ಕೊಂದ ಹೆಣ್ಣುಮಗಳೊಬ್ಬಳು ತನ್ನ ಒಡಹುಟ್ಟಿದ ತಂಗಿಯೆಂದು ತಿಳಿದುಬರುತ್ತದೆ. ಏಳುನೂರ ಹತ್ತೊಂಬತ್ತು ಕೊಲೆಗಳ ಲೆಕ್ಕವನ್ನು ಅವನ ಹೆಸರಿಗೆ ಕಟ್ಟಲಾಗಿದೆ.

ತಮ್ಮ ಕಥೆಯ ಬಹುಪಾಲು ಸತ್ಯವೆಂದು ಟೇಲರರು ಆರಂಭದಲ್ಲಿಯೇ ಓದುಗರಿಗೆ ಭರವಸೆ ಕೊಟ್ಟರು. ಅದು ಒಂದು ಅರ್ಥದಲ್ಲಿ ನಿಜ, ಇನ್ನೊಂದು ಅರ್ಥದಲ್ಲಿ ಅಲ್ಲ. ಕೊಲೆಯ ಕ್ರಮ, ಗುಂಪಿನೊಳಗಿನ ಕೆಲಸದ ಹಂಚಿಕೆ, ಮರುಳು ಮಾಡಿ ಕರೆತರುವವನು, ಕೊರಳು ಬಿಗಿಯುವವನು, ಗುಂಡಿ ತೋಡುವವನು, ಇವೆಲ್ಲ ಮಾಫಿಸಾಕ್ಷಿಗಳ ಹೇಳಿಕೆಗಳಿಂದ ಬಂದವು. ಆದರೆ ಆ ಬಾಳು, ಆ ದುಃಖ, ಆ ವಾಗ್ವೈಖರಿ ಟೇಲರರ ಸೃಷ್ಟಿ. ಅನೇಕ ಸೆರೆಯಾಳುಗಳ ಮಾತುಗಳನ್ನು ಅವರು ಒಂದೇ ಬಾಯಿಗೆ ತುಂಬಿದರು. ಜೀವಂತ ಪಾತ್ರವೊಂದರ ದಿನಚರಿಯನ್ನೋ ಒಪ್ಪಿಗೆಯನ್ನೋ ಕಲ್ಪಿಸಿ ಬರೆಯುವುದರಲ್ಲಿ ಇರುವ ಕಷ್ಟ ಬೇರೆ. ಬರೆಯುವವನು ತನಗೆ ತಿಳಿದಿದ್ದರೂ ಪಾತ್ರಕ್ಕೆ ತಿಳಿಯದುದನ್ನೆಲ್ಲ ನುಂಗಿಕೊಳ್ಳಬೇಕು. ಟೇಲರರು ಇದನ್ನು ಬಹಳ ಮಟ್ಟಿಗೆ ಸಾಧಿಸಿದರು. ಅಮೀರ್ ಅಲಿ ಪಶ್ಚಾತ್ತಾಪಪಡುವುದು ತಂಗಿಗಾಗಿ, ಹೆಂಡತಿಮಕ್ಕಳಿಗಾಗಿ. ಉಳಿದ ನೂರಾರು ಮಂದಿಗಾಗಿ ಅಲ್ಲ. ತನ್ನ ಉಡಿಗೆಯ ಅಂದಚೆಂದದ ಬಗ್ಗೆ ಸೆರೆಯಲ್ಲಿಯೂ ಅವನಿಗೆ ಅಭಿಮಾನ. ಬೋಧನೆಯನ್ನು ತುರುಕಬೇಕೆಂಬ ಚಪಲವನ್ನು ಲೇಖಕರು ಬಹುಮಟ್ಟಿಗೆ ಹತೋಟಿಯಲ್ಲಿಟ್ಟರು. ಆದುದರಿಂದಲೇ ಓದುಗನು ಕೊಲೆಗಡುಕನನ್ನು ಮೆಚ್ಚುವ ಅಪಾಯದ ಅಂಚಿಗೆ ಬಂದು ಬೆಚ್ಚುತ್ತಾನೆ. ವಿಕ್ಟೋರಿಯಾ ರಾಣಿಯವರು ಪುಸ್ತಕ ಹೊರಬರುವ ತನಕ ಕಾಯಲಾರದೆ ಅಚ್ಚಿನ ಕರಡುಹಾಳೆಗಳನ್ನೇ ತರಿಸಿಕೊಂಡು ಓದಿದರೆಂಬುದು ಪ್ರಸಿದ್ಧವಾದ ಸಂಗತಿ.

ಇತರರ ದನಿಯಲ್ಲಿ ಬರೆಯುವುದೇ ಒಂದು ಮೋಸವೆಂದು ತಟ್ಟನೆ ಹೇಳಿಬಿಡುವುದು ನಮ್ಮ ಪರಂಪರೆಯನ್ನು ಬಲ್ಲವರಿಗೆ ಸುಲಭವಲ್ಲ. ಶರಣರು ತಮ್ಮ ವಚನಗಳಿಗೆ ತಮ್ಮ ಹೆಸರನ್ನಲ್ಲ, ಇಷ್ಟದೈವದ ಅಂಕಿತವನ್ನು ಇಟ್ಟರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ‘ಶೂನ್ಯಸಂಪಾದನೆ’ಯನ್ನು ಕಟ್ಟಿದಾಗ, ಮುನ್ನೂರು ವರ್ಷಗಳ ಹಿಂದಿನ ಶರಣರು ಎದುರುಬದುರು ಕುಳಿತು ಸಂವಾದ ನಡೆಸುವಂತೆ ವಚನಗಳನ್ನು ಜೋಡಿಸಿದರು. ಸನ್ನಿವೇಶ ಸಂಪಾದಕರದು, ಮಾತು ಶರಣರದೇ. ಟೇಲರರಲ್ಲಿ ಇದು ತಿರುಗುಮುರುಗಾಗಿದೆ. ಸನ್ನಿವೇಶ ನಿಜವಾದುದು, ಮಾತು ಕಟ್ಟಿದುದು. ಈ ವ್ಯತ್ಯಾಸವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಏಕೆಂದರೆ ಆ ಕಟ್ಟಿದ ಮಾತನ್ನು ಜನ ನಂಬಿದರು. ಠಕ್ಕ ಎಂಬ ನಮ್ಮ ನಾಡಿನ ಪದ ಇಂಗ್ಲಿಷ್ ಓದುಗರ ಬಾಯಲ್ಲಿ ನೆಲೆಗೊಳ್ಳಲು ಈ ಕಾದಂಬರಿ ಬಹುವಾಗಿ ಕಾರಣವಾಯಿತು. ಹಿಂದೂಸ್ಥಾನದ ದಾರಿಗಳಲ್ಲೆಲ್ಲ ದೇವಿಯ ಹೆಸರಿನಲ್ಲಿ ಕೊಲ್ಲುವ ವಂಶಪಾರಂಪರ್ಯದ ಗುಪ್ತಪಂಥವೊಂದು ಹರಡಿತ್ತೆಂಬ ಕಲ್ಪನೆ ದೂರದ ದೇಶಗಳಲ್ಲಿ ಬೇರೂರಿತು. ಈಚಿನ ಇತಿಹಾಸಕಾರರು ಈ ಚಿತ್ರವನ್ನು ಸಂಶಯದಿಂದ ನೋಡಿದ್ದಾರೆ. ದಾರಿಗಳ್ಳತನ, ಕೊಲೆ ಇದ್ದುದು ನಿಜ. ಕೆಲಸ ಕಳೆದುಕೊಂಡ ಸಿಪಾಯಿಗಳು, ಬರದಿಂದ ನೊಂದವರು ಅದರಲ್ಲಿ ಸೇರಿದ್ದರು. ಆದರೆ ತಮ್ಮ ಕೊರಳನ್ನು ನೇಣಿನಿಂದ ತಪ್ಪಿಸಿಕೊಳ್ಳಲು ಮಾಫಿಸಾಕ್ಷಿಗಳು ಅಧಿಕಾರಿಗಳಿಗೆ ಬೇಕಾದುದನ್ನು ಹೇಳಿದರು; ಕೇಳಿದವರು ಅದನ್ನು ಒಂದು ಪಂಥವನ್ನಾಗಿ ಕಟ್ಟಿದರು ಎಂಬುದು ಅವರ ವಾದ. ಅಮೀರ್ ಅಲಿಯ ಬಾಯಿ ಎಷ್ಟು ಚೆನ್ನಾಗಿ ಮಾತನಾಡಿತೋ ಆ ಕಟ್ಟಡಕ್ಕೆ ಅಷ್ಟೇ ಬಲವಾದ ಗಾರೆ ದೊರೆಯಿತು. ಕಥೆಗಾರನ ಶಕ್ತಿಯೇ ಇಲ್ಲಿ ಒಂದು ದೇಶದ ಜನರಿಗೆ ಹೊರೆಯಾಯಿತೆಂದು ಹೇಳದೆ ವಿಧಿಯಿಲ್ಲ.

ಹೆಸರು ಗಳಿಸಿ ಹಿಂದಿರುಗಿದ ಟೇಲರರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ 1840ರಿಂದ 1853ರ ವರೆಗೆ ಬಾತ್ಮೀದಾರರಾಗಿದ್ದರು. 1840ರಲ್ಲಿ ಟಿಪ್ಪುವಿನ ಕಾಲವನ್ನು ಕುರಿತ ಕಾದಂಬರಿಯೊಂದು ಬಂದಿತು. ಆದರೆ ಅವರ ಬದುಕಿನ ಅತ್ಯಂತ ತುಂಬಿದ ಕಾಲ ಪ್ರಾರಂಭವಾದುದು 1841ರಲ್ಲಿ ಸುರಪುರಕ್ಕೆ ನಿಯುಕ್ತರಾದಾಗ.

ಸುರಪುರದ ಸ್ಥಿತಿ ಆಗ ಚಿಂತಾಜನಕವಾಗಿತ್ತು. ರಾಜಾ ಕೃಷ್ಣಪ್ಪನಾಯಕರ ತರುವಾಯ ಉತ್ತರಾಧಿಕಾರಿಯಾದ ವೆಂಕಟಪ್ಪನಾಯಕರು ಇನ್ನೂ ಚಿಕ್ಕ ಬಾಲಕ. ತಾಯಿ ರಾಣಿ ಈಶ್ವರಮ್ಮನವರು ಅಧಿಕಾರ ತಮ್ಮದೆಂದರು. ಅರಸರ ಸೋದರ ಪಿಡ್ಡನಾಯಕರು ತಮ್ಮದೆಂದರು. ನಿಜಾಮರಿಗೆ ಸಲ್ಲಬೇಕಾದ ಬಾಕಿ ಬೆಳೆದಿತ್ತು. ಹನ್ನೆರಡು ಸಾವಿರವೆಂದು ಹೆಸರಾದ ಬೇಡರ ಪಡೆ ಗುಡ್ಡಗಳಲ್ಲಿ ಆಯುಧ ಹಿಡಿದು ಕುಳಿತಿತ್ತು. ಟೇಲರರು ರಕ್ತಪಾತವಿಲ್ಲದೆ ಈ ತೊಡಕನ್ನು ಬಿಡಿಸಿದರು. ರಾಣಿಯವರೊಡನೆ ಅವರ ಜಗಳ ವರ್ಷಗಟ್ಟಲೆ ನಡೆಯಿತು; ಈ ಜಗಳದ ವೃತ್ತಾಂತ ನಮಗೆ ಹೆಚ್ಚಾಗಿ ದೊರೆಯುವುದು ಟೇಲರರ ಬರೆಹದಲ್ಲಿಯೇ, ರಾಣಿಯವರ ಬಾಯಿಂದ ಅಲ್ಲ ಎಂಬುದನ್ನು ಓದುವಾಗ ಮರೆಯಬಾರದು. ಇರಲಿ. ಹನ್ನೆರಡು ವರ್ಷಗಳ ಅವಧಿಯಲ್ಲಿ ಲೆಕ್ಕಪತ್ರ ಸರಿಹೋಯಿತು, ಸಾಲ ಇಳಿಯಿತು, ರಸ್ತೆಗಳಾದವು. ಬೋನಾಳದ ಕೆರೆಯ ಕಾಮಗಾರಿ ನಡೆಯಿತು. ಇಂದು ಆ ಕೆರೆ ಪಕ್ಷಿಧಾಮವೆಂದು ಹೆಸರಾಗಿದೆ. 1844ರಲ್ಲಿ ಪತ್ನಿ ಮೇರಿಯವರು ತೀರಿಕೊಂಡರು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರರ ಮಗಳು ಆಕೆ. ಟೇಲರರು ಮತ್ತೆ ಮದುವೆಯಾಗಲಿಲ್ಲ. ಬಾಲಕ ಅರಸನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಗುಡ್ಡದ ಮೇಲಿನ ಬಂಗಲೆಯಲ್ಲಿ ಬಿಡುವು ದೊರೆತಾಗ ಟೇಲರರು ಕುಂಚವನ್ನು ಹಿಡಿದರು. ಅದಕ್ಕಿಂತ ಮಿಗಿಲಾಗಿ ಅಳತೆಯ ಪಟ್ಟಿಯನ್ನು ಹಿಡಿದರು. ರಾಜನಕೋಳೂರು, ಜೇವರ್ಗಿ ಮೊದಲಾದ ಕಡೆ ಬಯಲಿನಲ್ಲಿ ಬಿದ್ದಿದ್ದ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿ, ಒಳಗಿನ ಎಲುಬು, ಮಡಕೆ, ಕಬ್ಬಿಣದ ಸಾಮಾನುಗಳು ಯಾವ ಪದರದಲ್ಲಿ ಹೇಗಿದ್ದವೋ ಹಾಗೆಯೇ ಅಡ್ಡಸೀಳಿನ ಚಿತ್ರಗಳನ್ನು ಬರೆದರು. 1850ರ ದಶಕದಲ್ಲಿ ಹೀಗೆ ಪದರಪದರವಾಗಿ ಚಿತ್ರಿಸಿಡುವುದು ಯುರೋಪಿನಲ್ಲಿಯೂ ಅಪರೂಪವಾಗಿತ್ತು. ಸುಮಾರು ನೂರು ವರ್ಷಗಳ ಅನಂತರ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರರು ಈ ಚಿತ್ರಗಳನ್ನು ಮೆಚ್ಚಿಕೊಂಡರು. ಕಲ್ಪನೆಯಿಂದ ಕೊಲೆಗಾರನ ಒಪ್ಪಿಗೆಯನ್ನು ಕಟ್ಟಿದ ಅದೇ ಕೈ ಇಲ್ಲಿ ಕಂಡುದಕ್ಕಿಂತ ಒಂದು ಗೆರೆಯನ್ನೂ ಹೆಚ್ಚಾಗಿ ಎಳೆಯಲಿಲ್ಲ.

1853ರಲ್ಲಿ ವೆಂಕಟಪ್ಪನಾಯಕರು ಪ್ರಾಪ್ತವಯಸ್ಕರಾದರು. ರಾಜ್ಯವನ್ನು ಒಪ್ಪಿಸಿ ಟೇಲರರು ನಳದುರ್ಗದ ಆಡಳಿತಕ್ಕೆ ಹೋದರು, 1857ರಲ್ಲಿ ವರ್ಹಾಡದ ಬುಲ್ಡಾಣಕ್ಕೆ. ಉತ್ತರದಲ್ಲಿ ದಂಗೆಯ ಬೆಂಕಿ ಎದ್ದ ಆ ವರ್ಷ ಸೈನ್ಯದ ನೆರವಿಲ್ಲದೆಯೇ ಅವರು ತಮ್ಮ ಜಿಲ್ಲೆಯನ್ನು ಶಾಂತವಾಗಿ ಇರಿಸಿದರು. ಜನರು ಅವರನ್ನು ಮಹಾದೇವ ಬಾಬಾ ಎಂದು ಕರೆದರು.

ಶಾಂತಿ ಕೆಟ್ಟುದು ಅವರು ಕೈಯಾರೆ ಬೆಳೆಸಿದ ಸುರಪುರದಲ್ಲಿ. 1858ರ ಫೆಬ್ರವರಿಯಲ್ಲಿ ತರುಣ ಅರಸರು ಬ್ರಿಟಿಷರ ವಿರುದ್ಧ ಕತ್ತಿ ಹಿರಿದರು. ಸುರಪುರ ಬಿದ್ದಿತು, ಹೈದರಾಬಾದಿಗೆ ಹೋದ ಅರಸರು ಸೆರೆಯಾದರು. ಟೇಲರರ ದೃಷ್ಟಿಯಲ್ಲಿ ಇದು ದುಷ್ಟರ ಸಹವಾಸದಿಂದ ಆದ ಅನಾಹುತ. ಕನ್ನಡ ನಾಡಿನವರಿಗೆ ಇದು ಸ್ವಾತಂತ್ರ್ಯದ ಹೋರಾಟ, ವೆಂಕಟಪ್ಪನಾಯಕರು ವೀರರು. ಈ ತೀರ್ಮಾನವನ್ನು ಬದಲಿಸುವ ಕಾರಣ ಕಾಣುವುದಿಲ್ಲ.

ಸಿಕಂದರಾಬಾದಿನ ಸೆರೆಯಲ್ಲಿ ಅವರಿಬ್ಬರ ಭೇಟಿಯಾಯಿತು. ಇಪ್ಪತ್ತು ವರ್ಷಗಳ ಹಿಂದೆ ಸೆರೆಯಾಳಿನ ಎದುರು ಕುಳಿತ ಹೆಸರಿಲ್ಲದ ಸಾಹೇಬನೊಬ್ಬನನ್ನು ಕಲ್ಪಿಸಿದ್ದ ಟೇಲರರು ಈಗ ತಾವೇ ಆ ಜಾಗದಲ್ಲಿ ಕುಳಿತರು. ದಂಗೆಗೆ ಯಾರು ಯಾರು ಪ್ರೇರಣೆ ಕೊಟ್ಟರೆಂಬುದು ಸರಕಾರಕ್ಕೆ ಬೇಕಾಗಿತ್ತು. ಹೆಸರುಗಳನ್ನು ಹೇಳಿದರೆ ಅರಸರಿಗೆ ಉಳಿಯುವ ದಾರಿಯಿತ್ತು. ಅಮೀರ್ ಅಲಿ ಹೇಳಿದ್ದನು, ತನ್ನವರನ್ನೆಲ್ಲ ಒಪ್ಪಿಸಿ ಬದುಕಿಕೊಂಡಿದ್ದನು. ವೆಂಕಟಪ್ಪನಾಯಕರು ಹೇಳಲಿಲ್ಲ. ತಂದೆಯಂತಿದ್ದವರು ಕೇಳಿದರೂ ಯಾರ ಹೆಸರನ್ನೂ ಎತ್ತಲಿಲ್ಲ. ಕಳ್ಳನಂತೆ ನೇಣಿಗೇರಿಸುವುದು ಬೇಡ, ತೋಪಿನ ಬಾಯಿಗೆ ಕಟ್ಟಿದರೆ ತಾನು ಹೇಗೆ ಅಲುಗದೆ ನಿಲ್ಲುವೆನೆಂಬುದನ್ನು ನೋಡಲಿ ಎಂಬಷ್ಟನ್ನು ಮಾತ್ರ ಬೇಡಿಕೊಂಡರು. ಇದನ್ನು ದಾಖಲೆಯಾಗಿ ಉಳಿಸಿದವರು ಟೇಲರರೇ.

ಮರಣದಂಡನೆ ಮೊದಲು ಗಡೀಪಾರಿಗೆ, ಬಳಿಕ ಚೆಂಗಲ್‌ಪೇಟೆಯ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ನಡತೆ ಸರಿಯೆಂದು ಕಂಡರೆ ರಾಜ್ಯವೂ ಹಿಂದಿರುಗಬಹುದಾಗಿತ್ತು. ಅರಸರ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಬರೆದಿರುವುದನ್ನು ಟೇಲರರು ಹಿಂದೆಯೇ ಬಲ್ಲವರಾಗಿದ್ದರು; ಶಿಕ್ಷೆ ತಗ್ಗಿದ ಸುದ್ದಿ ಬಂದಾಗ ಜಾತಕ ಸುಳ್ಳಾಯಿತೆಂದು ಸಮಾಧಾನಪಟ್ಟರು. ಆದರೆ ಚೆಂಗಲ್‌ಪೇಟೆಯ ದಾರಿಯಲ್ಲಿ, ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅರಸರು ಸತ್ತರು. ತಾವೇ ಹೊಡೆದುಕೊಂಡರೆಂಬುದು ಸರಕಾರದ ವರದಿ, ಟೇಲರರ ನಂಬಿಕೆಯೂ ಅದೇ. ಸುರಪುರದ ಜನ ಇದನ್ನು ಪೂರ್ತಿಯಾಗಿ ಎಂದೂ ಒಪ್ಪಿಕೊಂಡಿಲ್ಲ. ಸಂಸ್ಥಾನವನ್ನು ವಶಪಡಿಸಿಕೊಂಡು 1860ರಲ್ಲಿ ನಿಜಾಮರಿಗೆ ಕೊಡಲಾಯಿತು. ಟೇಲರರೇ ಕಮಿಷನರಾಗಿ ಬಂದು, ತಾವು ಕಟ್ಟಿದ ರಾಜ್ಯದ ಕೊನೆಯ ಕಾಗದಗಳನ್ನು ನೋಡಬೇಕಾಯಿತು.

ಆರೋಗ್ಯ ಕೆಟ್ಟು 1860ರಲ್ಲಿ ಅವರು ದೇಶ ಬಿಟ್ಟರು. ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿದರು. ಅಲ್ಲಿಂದ ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಎಂಬ ಕಾದಂಬರಿಗಳು ಬಂದವು. 1657, 1757, 1857 ಎಂದು ನೂರು ನೂರು ವರ್ಷಗಳ ಅಂತರದ ಮೂರು ಕಾಲಗಳನ್ನು ಅವು ಕುರಿತವು. ವಿಜಾಪುರದ ವಾಸ್ತುಶಿಲ್ಪವನ್ನು, ಧಾರವಾಡ ಮತ್ತು ಮೈಸೂರು ಸೀಮೆಗಳ ಗುಡಿಗಳನ್ನು ಕುರಿತು 1866ರಲ್ಲಿ ಬಂದ ಎರಡು ಛಾಯಾಚಿತ್ರ ಸಂಪುಟಗಳ ಬರೆವಣಿಗೆಯಲ್ಲಿಯೂ ಅವರ ಕೈಯಿತ್ತು. ಇವುಗಳಲ್ಲಿ ಯಾವುದೂ ‘ಠಕ್ಕನೊಬ್ಬನ ತಪ್ಪೊಪ್ಪಿಗೆ’ಯಷ್ಟು ಓದುಗರನ್ನು ಸೆಳೆಯಲಿಲ್ಲ. ಪರರ ಬಾಯಿಯನ್ನು ಎರವಲು ಪಡೆಯದೆ ತಮ್ಮದೇ ದನಿಯಲ್ಲಿ ಕಥೆ ಹೇಳಿದಾಗ ಅವರ ಶೈಲಿ ನಿಧಾನವಾಗುತ್ತದೆ, ಕೆಲವೊಮ್ಮೆ ಬೋಧನೆಗೆ ಜಾರುತ್ತದೆ.

1875ರಲ್ಲಿ ಸಾಲಾರಜಂಗರ ಆಹ್ವಾನದ ಮೇರೆಗೆ ಅವರು ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಆಗ ಕಣ್ಣಿನ ದೃಷ್ಟಿ ಹೋಗಿತ್ತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನ್ ಎಂಬಲ್ಲಿ ತೀರಿಕೊಂಡರು. ಚಾಂದಬೀಬಿಯನ್ನು ಕುರಿತ ಕಾದಂಬರಿ ಅವರ ಮರಣದ ತರುವಾಯ 1878ರಲ್ಲಿ ಅಚ್ಚಾಯಿತು. ಅದಕ್ಕೂ ಒಂದು ವರ್ಷ ಮೊದಲು ಅವರ ಆತ್ಮಕಥೆಯನ್ನು ಮಗಳು ಆಲಿಸ್ ಸಂಪಾದಿಸಿ ಹೊರತಂದರು. ವೆಂಕಟಪ್ಪನಾಯಕರು ಸೆರೆಯಲ್ಲಿ ಹೇಳಿದುದು, ಹೇಳದೆ ಉಳಿಸಿದುದು ಎರಡೂ ಇಂದು ನಮಗೆ ತಿಳಿದಿರುವುದು ಆ ಪುಸ್ತಕದ ಪುಟಗಳಿಂದ.